ಒತ್ತೊತ್ತು ಓಣಿಯೋ, ಖಾಲಿ ಲೇಔಟೋ? ದಾವಣಗೆರೆಯಲ್ಲಿ ಮನೆ ಹುಡುಕುವ ಲೆಕ್ಕ

ಕಳೆದ ವರ್ಷ ನನ್ನ ತಂಗಿಗೆ ಚಿತ್ರದುರ್ಗ ಬಿಟ್ಟು ದಾವಣಗೆರೆಗೆ ಬರಬೇಕಾಯಿತು. ಅವಳು ನರ್ಸ್. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಇನ್ನೊಂದು ವಾರ ರಾತ್ರಿಯದ್ದು. ಫೋನ್ ಮಾಡಿದಾಗ ಮೊದಲು ಕೇಳಿದ್ದು ಬಾಡಿಗೆ ಎಷ್ಟು ಅಂತ ಅಲ್ಲ. "ಅಣ್ಣಾ, ಅಲ್ಲಿ ಯಾವ ಏರಿಯಾ ಸೇಫು?"

ನಾನೂ ಥಟ್ಟನೆ ಹೇಳಿಬಿಟ್ಟೆ. "ಹಳೇ ಊರ ಕಡೆ ಬೇಡ, ಬರೀ ಗಿಜಿಗಿಜಿ. ಹೊಸ ಲೇಔಟ್ ಕಡೆ ನೋಡೋಣ, ಆರಾಮಿರುತ್ತೆ."

ಫೋನ್ ಇಟ್ಟ ಮೇಲೆ ನನಗೇ ನಗು ಬಂತು. ಯಾಕಂದ್ರೆ ನನ್ನ ಮನೆ ಕಳವಾಗಿದ್ದು ಅಂಥದ್ದೇ ಒಂದು ಆರಾಮಿನ ಲೇಔಟಿನಲ್ಲಿ. ಮೂರು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಹಿಂಬಾಗಿಲಿನ ಚಿಲಕ ಕಿತ್ತು, ಎರಡು ಗ್ಯಾಸ್ ಸಿಲಿಂಡರ್, ಹಿತ್ತಾಳೆ ಪಾತ್ರೆ, ಕೊನೆಗೆ ಸಂಪಿನ ಮೋಟಾರನ್ನೂ ಬಿಚ್ಚಿಕೊಂಡು ಹೋಗಿದ್ದರು. ಮೋಟಾರ್ ಬಿಚ್ಚೋದು ಅಂದ್ರೆ ಸುಮ್ನೆ ಅಲ್ಲ. ಸ್ಪ್ಯಾನರ್ ಬೇಕು, ಟಾರ್ಚ್ ಬೇಕು, ಕಡಿಮೆ ಅಂದ್ರೂ ಅರ್ಧ ಗಂಟೆ ಬೇಕು. ಸದ್ದು ಬೇರೆ. ಆದರೂ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗೋಕೆ ಅಲ್ಲಿ ಯಾರಿದ್ದರು? ಎಡಕ್ಕೆ ಖಾಲಿ ಸೈಟು, ಬಲಕ್ಕೆ ಖಾಲಿ ಸೈಟು, ಎದುರಿಗೆ ಅರ್ಧ ಕಟ್ಟಿ ನಿಲ್ಲಿಸಿದ ಮನೆ.

ಇಷ್ಟೆಲ್ಲ ಆದ ಮೇಲೂ ನನ್ನ ಬಾಯಲ್ಲಿ ಬಂದದ್ದು ಅದೇ ಹಳೇ ಮಾತು. ಜನ ಜಾಸ್ತಿ ಇದ್ದರೆ ಅಪಾಯ, ಬಿಡುವಾಗಿದ್ದರೆ ಕ್ಷೇಮ. ಈ ನಂಬಿಕೆಯನ್ನು ಒಂದ್ಸಲ ಬಿಡಿಸಿ ನೋಡೋಣ ಅಂತ ತಂಗಿಗೆ ಮನೆ ಹುಡುಕುವ ನೆಪದಲ್ಲಿ ಕೂತೆ.

ದಟ್ಟಣೆ ಅಂದರೆ ಏನನ್ನು ಎಣಿಸೋದು?

2011ರ ಜನಗಣತಿಯ ಪ್ರಕಾರ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಜಿಲ್ಲೆಯ ಜನಸಾಂದ್ರತೆ ಚದರ ಕಿಲೋಮೀಟರಿಗೆ 328. ಮನೆ ಹುಡುಕುವವರಿಗೆ ಈ ಎರಡು ಅಂಕಿಗಳಿಂದ ನಯಾಪೈಸೆ ಪ್ರಯೋಜನ ಇಲ್ಲ. ಜಿಲ್ಲೆಯ ಲೆಕ್ಕದಲ್ಲಿ ಭತ್ತದ ಗದ್ದೆ, ಅಡಿಕೆ ತೋಟ, ಸೂಳೆಕೆರೆಯ ನೀರು ಎಲ್ಲ ಸೇರಿರುತ್ತದೆ. ನಗರದ ಸರಾಸರಿ ತೆಗೆದರೆ ಕುಂದವಾಡ ಕೆರೆಯೂ ಮಂಡಿಪೇಟೆಯ ಅಂಗಡಿ ಸಾಲೂ ಒಂದೇ ತಕ್ಕಡಿಗೆ ಬೀಳುತ್ತವೆ. ವಾರ್ಡ್ ಮಟ್ಟಕ್ಕೆ ಇಳಿದರೆ ಸ್ವಲ್ಪ ವಾಸಿ. ಈಗ ಪಾಲಿಕೆಗೆ 45 ವಾರ್ಡುಗಳಿವೆ. ಆದರೆ ಒಂದೇ ವಾರ್ಡಿನ ಒಂದು ಮೂಲೆಯಲ್ಲಿ ವಠಾರ, ಇನ್ನೊಂದು ಮೂಲೆಯಲ್ಲಿ ಬಯಲು ಇರೋದು ನಮ್ಮಲ್ಲಿ ಮಾಮೂಲು. ಸಾಲದ್ದಕ್ಕೆ 2011ರ ಲೆಕ್ಕ ಇಂದಿಗೆ ತೀರಾ ಹಳೇದು.

ಹಾಗಾಗಿ ಎಕರೆ-ಗುಂಟೆಗೆ ಇಳಿಯೋದೇ ಒಳ್ಳೇದು, ನಮಗೆಲ್ಲ ಅರ್ಥವಾಗುವ ಅಳತೆ ಅದು. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ಅದನ್ನು ಲೇಔಟ್ ಮಾಡಿದಾಗ ರಸ್ತೆ, ಪಾರ್ಕು, ಚರಂಡಿ ಅಂತ ಹೆಚ್ಚುಕಡಿಮೆ ಅರ್ಧ ಜಾಗ ಹೋಗುತ್ತದೆ. ಲೆಕ್ಕಕ್ಕೆ 24,000 ಚದರ ಅಡಿ ಉಳಿಯಿತು ಅಂದುಕೊಳ್ಳಿ. 30×40ರ ಸೈಟು ಹಾಕಿದರೆ 20 ಸೈಟು ಆಯಿತು.

ಎಲ್ಲ ಸೈಟಿನಲ್ಲೂ ಒಂದೊಂದು ಮನೆ, ಮನೆಗೆ ನಾಲ್ಕು ಜನ ಅಂದರೆ ಎಕರೆಗೆ 80 ಮಂದಿ. ಅದೇ 20 ಸೈಟಿನಲ್ಲಿ ನೆಲಮಹಡಿ, ಮೇಲೆರಡು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟರೆ 240 ಮಂದಿ. ಇನ್ನು ಸೈಟು ಕೊಂಡವರು "ರೇಟು ಏರಲಿ" ಅಂತ ಕೂತು, ಐದೇ ಐದು ಮನೆ ಎದ್ದಿದ್ದರೆ? 20 ಮಂದಿ. ನಕ್ಷೆ ಒಂದೇ, ರಸ್ತೆ ಅಗಲ ಒಂದೇ, ಸೈಟಿನ ಅಳತೆಯೂ ಒಂದೇ. ದಟ್ಟಣೆ ಮಾತ್ರ 20ರಿಂದ 240. ಬ್ರೋಕರ್ ತೋರಿಸುವ ಬಣ್ಣದ ನಕ್ಷೆಯಲ್ಲಿ ಇದು ಕಾಣೋದಿಲ್ಲ. ಸಂಜೆ ಏಳಕ್ಕೆ ಹೋಗಿ, ಎಷ್ಟು ಮನೆಯಲ್ಲಿ ದೀಪ ಹತ್ತಿದೆ ಅಂತ ಎಣಿಸಿದರೆ ಕಾಣುತ್ತದೆ.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಬೇಕು. ಏರಿಯಾ ದಟ್ಟವಾಗಿರೋದು ಬೇರೆ, ಮನೆಯೊಳಗೆ ಇಕ್ಕಟ್ಟಾಗಿರೋದು ಬೇರೆ. ಮೊದಲನೆಯದರಲ್ಲಿ ಜಾಗಕ್ಕೆ ಎಷ್ಟು ಜನ ಅಂತ ಎಣಿಸುತ್ತೇವೆ, ಎರಡನೆಯದರಲ್ಲಿ ಕೋಣೆಗೆ ಎಷ್ಟು ಜನ ಅಂತ. ಮೂರು ಮಹಡಿಯ ಕಟ್ಟಡದಲ್ಲಿ ಮನೆಗೆ ಎರಡು ಕೋಣೆ, ಒಂದು ಹಾಲ್ ಇದ್ದು ನಾಲ್ಕು ಜನ ಇದ್ದರೆ ಅದು ದಟ್ಟ, ಆದರೆ ಇಕ್ಕಟ್ಟಲ್ಲ. ಊರಾಚೆ ಬಯಲಿನಲ್ಲಿ ಒಂದೇ ಕೋಣೆಯ ಶೀಟಿನ ಮನೆಯಲ್ಲಿ ಏಳು ಜನ ಮಲಗುತ್ತಿದ್ದರೆ ಅದು ಇಕ್ಕಟ್ಟು, ದಟ್ಟವಲ್ಲ. ಕೆಮ್ಮು, ಕ್ಷಯ ಬೇಗ ಹರಡೋದು, ಮಕ್ಕಳಿಗೆ ಓದಲು ಮೂಲೆ ಸಿಗದಿರೋದು, ಇವೆಲ್ಲ ಮುಖ್ಯವಾಗಿ ಇಕ್ಕಟ್ಟಿನ ಕಷ್ಟಗಳು. ನಾವು ಮಾತ್ರ ಎರಡಕ್ಕೂ "ಗಿಜಿಗಿಜಿ" ಅನ್ನೋ ಒಂದೇ ಮಾತು ಬಳಸಿ, ಮನೆಯೊಳಗಿನ ಬಡತನದ ದೂರನ್ನು ಬೀದಿಯ ಮೇಲೆ ಹಾಕುತ್ತೇವೆ.

ಕಳ್ಳತನದ ಅಂಕಿಯನ್ನು ಯಾವುದರಿಂದ ಭಾಗಿಸಬೇಕು?

ಈಗ ಕಷ್ಟದ ಭಾಗಕ್ಕೆ ಬರೋಣ. "ಆ ಏರಿಯಾದಲ್ಲಿ ವರ್ಷಕ್ಕೆ 12 ಮನೆ ಕಳವಾಗಿದೆಯಂತೆ, ಈ ಕಡೆ ಬರೀ ನಾಲ್ಕು." ಕೇಳಿದ ಕೂಡಲೇ ಕೈ ಈ ಕಡೆಗೇ ಹೋಗುತ್ತದೆ, ಅಲ್ವಾ?

ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. 12 ಕಳವಾದ ಹಳೇ ಏರಿಯಾದಲ್ಲಿ 3,000 ಮನೆ ಇವೆ. ನಾಲ್ಕೇ ಕಳವಾದ ಹೊಸ ಲೇಔಟಿನಲ್ಲಿ 300 ಮನೆ. ಹಳೇ ಏರಿಯಾದಲ್ಲಿ 250 ಮನೆಗೆ ಒಂದು ಕಳವು, ಹೊಸ ಲೇಔಟಿನಲ್ಲಿ 75 ಮನೆಗೆ ಒಂದು. ಬರೀ ಅಂಕಿ ನೋಡಿದಾಗ ಮೂರು ಪಟ್ಟು ಸೇಫ್ ಅನಿಸಿದ ಜಾಗ, ಭಾಗಿಸಿ ನೋಡಿದಾಗ ಮೂರು ಪಟ್ಟಿಗಿಂತ ಜಾಸ್ತಿ ಅಪಾಯದ್ದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಕೂಡ ಬರೀ ಸಂಖ್ಯೆ ಕೊಟ್ಟು ಬಿಡೋದಿಲ್ಲ, ಲಕ್ಷ ಜನಸಂಖ್ಯೆಗೆ ಎಷ್ಟು ಅಂತ ದರವನ್ನೂ ಕೊಡುತ್ತದೆ. ತೊಂದರೆ ಅಂದರೆ ಅದರ ವರದಿ ಜಿಲ್ಲೆ ಮತ್ತು ದೊಡ್ಡ ನಗರಗಳ ಮಟ್ಟಕ್ಕೆ ನಿಲ್ಲುತ್ತದೆ. ನಿಮ್ಮ ಓಣಿಯ ಸುದ್ದಿ ಅದರಲ್ಲಿ ಇರೋದಿಲ್ಲ.

ಯಾವ ಅಪರಾಧವನ್ನು ಯಾವುದರಿಂದ ಭಾಗಿಸಬೇಕು ಅನ್ನೋದೂ ಯೋಚಿಸಬೇಕಾದ ಮಾತೇ. ಕನ್ನ ಕಳವನ್ನು ಮನೆಗಳ ಸಂಖ್ಯೆಯಿಂದ, ಬೈಕ್ ಕಳವನ್ನು ಅಲ್ಲಿ ನಿಲ್ಲುವ ಬೈಕುಗಳಿಂದ, ಸರಗಳ್ಳತನವನ್ನು ಆ ರಸ್ತೆಯಲ್ಲಿ ನಡೆದಾಡುವವರಿಂದ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಸಂತೆ ಇರುವ ಕಡೆ ವಾಸ ಮಾಡುವವರು ಕಡಿಮೆ, ಹಗಲು ಬಂದು ಹೋಗುವವರು ಸಾವಿರಾರು. ಅಲ್ಲಿ ಜೇಬುಗಳ್ಳತನದ ದೂರು ಜಾಸ್ತಿ ಇದ್ದರೆ, ಅದರ ಹಿಂದಿನ ಓಣಿಯಲ್ಲಿ ಸಂಸಾರ ಮಾಡುವವರಿಗೆ ಆ ಅಪಾಯ ಅಷ್ಟಾಗಿ ತಟ್ಟೋದಿಲ್ಲ. ಆದರೆ ಠಾಣೆಯ ಪುಸ್ತಕದಲ್ಲಿ ಎರಡೂ ಒಂದೇ ಕಡೆ ಬರೆದಿರುತ್ತದೆ. ಹಾಗೇ ಒಟಿಪಿ ಕೇಳಿ ದುಡ್ಡು ಹೊಡೆಯುವವನಿಗೆ ನೀವು ಪಿ.ಜೆ. ಬಡಾವಣೆಯಲ್ಲಿದ್ದೀರೋ ನಿಟ್ಟುವಳ್ಳಿಯಲ್ಲಿದ್ದೀರೋ ಬೇಕಾಗಿಲ್ಲ. ಅಂಥ ಕೇಸುಗಳನ್ನು ಏರಿಯಾ ಲೆಕ್ಕದಿಂದ ತೆಗೆದುಹಾಕಿ. (ದುಡ್ಡು ಹೋದರೆ ಮಾತ್ರ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.)

ಇನ್ನೊಂದು ಮೋಸ ಸಣ್ಣ ಅಂಕಿಗಳದ್ದು. ಮೇಲಿನ ಕಾಲ್ಪನಿಕ ಲೇಔಟಿನಲ್ಲಿ ಮುಂದಿನ ವರ್ಷ ಒಂದೇ ಕಳವು ಆಯಿತು ಅಂದುಕೊಳ್ಳಿ. ಆಗ 300 ಮನೆಗೆ ಒಂದು. ಒಂದೇ ವರ್ಷದಲ್ಲಿ ಅತಿ ಕೆಟ್ಟ ಜಾಗ ಅತಿ ಒಳ್ಳೆಯದಾಯಿತು! ನಿಜಕ್ಕೂ ಬದಲಾದದ್ದು ಏನೂ ಇಲ್ಲ, ಯಾವುದೋ ಒಂದು ಗ್ಯಾಂಗು ಸಿಕ್ಕಿಬಿದ್ದಿರಬಹುದು, ಅಷ್ಟೆ. ಸಣ್ಣ ಜಾಗವನ್ನು ಒಂದು ವರ್ಷದ ಅಂಕಿಯಿಂದ ಅಳೆಯಬಾರದು. ಕನಿಷ್ಠ ಮೂರು ವರ್ಷದ್ದು ಕೂಡಿಸಿ ನೋಡಬೇಕು.

ದೂರು ಕೊಡೋದರಲ್ಲೂ ಒಂದು ರಾಜಕೀಯ ಇದೆ. ಬೈಕ್ ಹೋದರೆ ಎಲ್ಲರೂ ಠಾಣೆಗೆ ಹೋಗುತ್ತಾರೆ, ಎಫ್‌ಐಆರ್ ಇಲ್ಲದೆ ವಿಮೆ ಸಿಗೋದಿಲ್ಲ. ಮೊಬೈಲ್ ಹೋದರೂ ಈಗ ಹೋಗುತ್ತಾರೆ. 2023ರಿಂದ ದೇಶದಾದ್ಯಂತ ಇರುವ ಸಿಇಐಆರ್ ಪೋರ್ಟಲ್‌ನಲ್ಲಿ ಫೋನ್ ಬ್ಲಾಕ್ ಮಾಡಿಸಲು ಪೊಲೀಸ್ ದೂರಿನ ಪ್ರತಿ ಬೇಕು. ಆದರೆ ಚಪ್ಪಲಿ, ಸಿಲಿಂಡರ್, ನಲ್ಲಿಯ ಹಿತ್ತಾಳೆ ತಲೆ ಹೋದರೆ ಯಾರು ಠಾಣೆ ಹತ್ತುತ್ತಾರೆ? ನಾನೇ ಮೊದಲು ಬೇಡ ಅಂದಿದ್ದೆ, ಹೆಂಡತಿ ಬೈದ ಮೇಲೆ ಹೋದೆ. ಹಾಗಾಗಿ ದೂರು ಜಾಸ್ತಿ ಇರುವ ಏರಿಯಾದಲ್ಲಿ ಕಳ್ಳರು ಜಾಸ್ತಿ ಅಂತಲೇ ಅಲ್ಲ, ಠಾಣೆಯ ಮೇಲೆ ನಂಬಿಕೆ ಇರುವ ಜನ ಜಾಸ್ತಿ ಅಂತಲೂ ಇರಬಹುದು.

ಅಂಕಿ ಎಲ್ಲಿ ಸಿಗುತ್ತದೆ? 2016ರಲ್ಲಿ ಸುಪ್ರೀಂ ಕೋರ್ಟ್, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಆದೇಶ ಮಾಡಿತು. ಒಂದೊಂದಾಗಿ ಓದುವ ತಾಳ್ಮೆ ಇದ್ದರೆ ಅದೊಂದು ದಾರಿ. ಇನ್ನೊಂದು ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. "ಅಪರಾಧಗಳ ವಿವರ ಕೊಡಿ" ಅಂತ ಕೇಳಿದರೆ ಏನೂ ತಿಳಿಯೋದಿಲ್ಲ. "ಇಂಥ ಠಾಣೆಯಲ್ಲಿ ಕಳೆದ ಮೂರು ವರ್ಷ ದಾಖಲಾದ ಹಗಲು ಕನ್ನ ಕಳವು, ರಾತ್ರಿ ಕನ್ನ ಕಳವು, ಸರಗಳ್ಳತನ, ಬೀಟ್‌ವಾರು" ಅಂತ ಕೇಳಿ. ಬೀಟ್ ಅಂದರೆ ಒಬ್ಬ ಪೊಲೀಸರು ಗಸ್ತು ತಿರುಗುವ ಜಾಗ. ಇಷ್ಟೆಲ್ಲ ಬೇಡ ಅನ್ನುವವರು ಆ ಏರಿಯಾದ ಬೀಟ್ ಪೊಲೀಸರನ್ನು ಹುಡುಕಿ ಮಾತಾಡಿಸಿ. ಯಾವ ತಿರುವಿನಲ್ಲಿ ಏನಾಗುತ್ತದೆ ಅನ್ನೋದು ಅವರಿಗೆ ಬಾಯಿಪಾಠ ಇರುತ್ತದೆ.

ನೆಂಟರು, ಸಹೋದ್ಯೋಗಿಗಳು ಹೇಳುವ "ಆ ಕಡೆ ಬೇಡ ಮಾರಾಯ" ಅನ್ನೋ ಮಾತನ್ನು ಮಾತ್ರ ಸ್ವಲ್ಪ ಜರಡಿ ಹಿಡಿಯಿರಿ. ನಾನು ಕೇಳಿದವರಲ್ಲಿ ಎಷ್ಟೋ ಜನರ ಮಾತಿನೊಳಗೆ ಕಳ್ಳತನದ ಲೆಕ್ಕಕ್ಕಿಂತ ಜಾತಿ-ಧರ್ಮದ ಲೆಕ್ಕವೇ ಜಾಸ್ತಿ ಇತ್ತು. "ಅಲ್ಲಿ ಏನಾಗಿದೆ, ಯಾವಾಗ ಆಗಿದೆ?" ಅಂತ ಎರಡು ಪ್ರಶ್ನೆ ಕೇಳಿದರೆ ಅರ್ಧ ಜನ ಸುಮ್ಮನಾಗುತ್ತಾರೆ.

ರಾತ್ರಿ ಒಂಬತ್ತರ ಎರಡು ನಡಿಗೆ

ತಂಗಿಯ ಮಧ್ಯಾಹ್ನದ ಪಾಳಿ ಮುಗಿಯೋದು ರಾತ್ರಿ ಎಂಟಕ್ಕೆ. ಕೆಲಸ ಒಪ್ಪಿಸಿ, ಆಟೋ ಹಿಡಿದು ಬರುವಷ್ಟರಲ್ಲಿ ಒಂಬತ್ತು. ಹಾಗಾಗಿ ಮನೆಗಳನ್ನು ನಾವು ರಾತ್ರಿ ಒಂಬತ್ತಕ್ಕೇ ನೋಡಲು ಹೋದೆವು. ಬ್ರೋಕರ್ ಮುಖ ಹುಳ್ಳಗೆ ಮಾಡಿದ, ಇರಲಿ.

ಮೊದಲನೆಯದು ಊರ ಅಂಚಿನ ಹೊಸ ಲೇಔಟಿನಲ್ಲಿ. ಮನೆ ಚೆಂದ. ಗಾಳಿ, ಬೆಳಕು, ಮುಂದೆ 30 ಅಡಿ ರಸ್ತೆ. ಆಟೋದವನು ಮುಖ್ಯ ರಸ್ತೆಯಲ್ಲೇ ಇಳಿಸಿದ. ಅಲ್ಲಿಂದ ಮನೆಗೆ ನಾನೂರು ಹೆಜ್ಜೆ, ನಾನು ಎಣಿಸಿದೆ. ಮಧ್ಯೆ ಉರಿಯುತ್ತಿದ್ದ ಬೀದಿದೀಪ ಮೂರು. ಎರಡೂ ಬದಿ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿತ್ತು. ದಾರಿಯಲ್ಲಿ ಕಂಡದ್ದು ನಾಲ್ಕು ನಾಯಿ, ನಿಲ್ಲಿಸಿದ ಒಂದು ಕಾರು. ಮನುಷ್ಯರು ಯಾರೂ ಇಲ್ಲ. ಮನೆಗಳಲ್ಲಿ ಜನ ಇದ್ದರು, ಟಿವಿ ಸದ್ದು ಕೇಳುತ್ತಿತ್ತು. ಆದರೆ ಕಾಂಪೌಂಡು ಆಳೆತ್ತರ, ಗೇಟಿಗೆ ತಗಡಿನ ಹೊದಿಕೆ. ಒಳಗಿನವರಿಗೆ ಹೊರಗೆ ಕಾಣದು, ಹೊರಗಿನವರಿಗೆ ಒಳಗೆ ಕಾಣದು.

ಬೀದಿದೀಪ ಯಾಕಿಲ್ಲ ಅಂತ ಕೇಳಿದ್ದಕ್ಕೆ ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ ಅಂದರು. ಇದು ಹೊಸ ಬಡಾವಣೆಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ಹಸ್ತಾಂತರ ಆಗುವ ತನಕ ದೀಪ, ಚರಂಡಿ, ಕಸ ಎಲ್ಲ ಲೇಔಟ್ ಮಾಡಿದವರ ಕೈಯಲ್ಲಿ. ಸೈಟು ಮಾರಿ ಮುಗಿದ ಮೇಲೆ ಅವರು ಫೋನ್ ಎತ್ತುತ್ತಾರೋ ಇಲ್ಲವೋ ದೇವರೇ ಬಲ್ಲ.

ಎರಡನೆಯದು ಚೌಕಿಪೇಟೆ ಹಿಂದಿನ ಒಂದು ಓಣಿ. ಎರಡು ಬೈಕ್ ಎದುರಾದರೆ ಒಂದು ನಿಲ್ಲಬೇಕು, ಅಷ್ಟು ಕಿರಿದು. ಗೋಡೆಗೆ ಗೋಡೆ ಅಂಟಿದ ಮನೆಗಳು, ಮುಂದೆ ಕಟ್ಟೆ. ಮೂಲೆಯಲ್ಲಿ ಮಂಡಕ್ಕಿ-ಮಿರ್ಚಿ ಗಾಡಿ ಇನ್ನೂ ಎಣ್ಣೆ ಆರಿಸಿರಲಿಲ್ಲ. ಮೂರು ಮನೆ ದಾಟುವಷ್ಟರಲ್ಲಿ ಕಟ್ಟೆ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಅಜ್ಜಿಯೊಬ್ಬರು ತಂಗಿಯನ್ನು ತಡೆದರು. "ಯಾರ್ ಮನಿ ಬೇಕಿತ್ತವಾ?" ಹೇಳಿದೆವು. "ಓ, ಆ ಖಾಲಿ ಮನಿನಾ. ಮ್ಯಾಲಿಂದು. ಬಾಡಿಗಿ ಎಷ್ಟಂದ್ರು?" ಮನೆ ತಲುಪುವ ಮೊದಲೇ ನಾವು ಎಲ್ಲಿಯವರು, ತಂಗಿಗೆ ಏನು ಕೆಲಸ, ಮಕ್ಕಳೆಷ್ಟು ಅನ್ನೋದು ಓಣಿಗೆಲ್ಲ ಗೊತ್ತಾಯಿತು.

ನಗರ ಯೋಜನೆ ಓದಿದವರು ಇದಕ್ಕೆ ಬೀದಿಯ ಮೇಲಿನ ಕಣ್ಣು ಅಂತಾರೆ. ಸಿಸಿ ಕ್ಯಾಮೆರಾ ಕಳ್ಳ ಬಂದು ಹೋದ ಮೇಲೆ ಅವನು ಹೇಗಿದ್ದ ಅಂತ ಹೇಳುತ್ತದೆ. ಅಜ್ಜಿ ಅವನು ಬರುವಾಗಲೇ "ಯಾರಪ್ಪಾ ನೀನು" ಅಂತ ಕೇಳುತ್ತಾರೆ. ಕ್ಯಾಮೆರಾ ಬೇಡ ಅಂತ ಅಲ್ಲ, ಆದರೆ ಅದಕ್ಕೆ ಪ್ರಶ್ನೆ ಕೇಳೋಕೆ ಬರೋದಿಲ್ಲ.

ದಟ್ಟಣೆ ತಾನಾಗಿ ಈ ಕಣ್ಣನ್ನು ಕೊಡುತ್ತದೆ ಅಂತಲೂ ತಿಳಿಯಬಾರದು. ಕಾಲೇಜುಗಳ ಸುತ್ತಮುತ್ತ, ಪಿಜಿ-ಹಾಸ್ಟೆಲ್ ತುಂಬಿದ ಬೀದಿಗಳಲ್ಲಿ ಜನ ಬೇಕಾದಷ್ಟು ಇರುತ್ತಾರೆ. ಆದರೆ ಆರು ತಿಂಗಳಿಗೊಮ್ಮೆ ಮುಖ ಬದಲಾಗುತ್ತದೆ, ರಜೆ ಬಂದರೆ ಬೀದಿಯೇ ಖಾಲಿ. ಯಾರು ನಮ್ಮವರು, ಯಾರು ಹೊಸಬರು ಅಂತ ಗುರುತಿಸುವವರಿಲ್ಲ. ಬರೀ ಅಂಗಡಿಗಳಿರುವ ಬೀದಿ ಹಗಲು ಜಾತ್ರೆ, ರಾತ್ರಿ ಹತ್ತಕ್ಕೆ ಶಟರ್ ಎಳೆದ ಮೇಲೆ ಸ್ಮಶಾನ. ಕಣ್ಣು ಇರೋದು ಎಲ್ಲಿ ಅಂದರೆ ಕೆಳಗೆ ಅಂಗಡಿ, ಮೇಲೆ ಮನೆ, ಬಾಗಿಲು ನೇರ ಬೀದಿಗೆ ತೆರೆಯುವಂತಿದ್ದು, ಅದೇ ಜನ ಐದಾರು ವರ್ಷದಿಂದ ಇರುವ ಕಡೆ. ಹಾಲಿನ ಅಂಗಡಿ, ಇಸ್ತ್ರಿ ಅಂಗಡಿ, ದೋಸೆ ಹೋಟೆಲು ಇವೆಲ್ಲ ಸಂಬಳ ಇಲ್ಲದ ವಾಚ್‌ಮನ್‌ಗಳು. ಹಾಲಿನವನು ಬೆಳಗಿನ ಐದಕ್ಕೆ ಶುರು, ಹೋಟೆಲಿನವನು ರಾತ್ರಿ ಹತ್ತೂವರೆಗೆ ಮುಗಿಸುತ್ತಾನೆ. ನಡುವಿನ ಆರೂವರೆ ಗಂಟೆ ನಿಮ್ಮ ಬೀಗ ಗಟ್ಟಿ ಇರಬೇಕು.

ಈ ಕಣ್ಣಿಗೂ ಬೆಲೆ ಇದೆ, ಮುಚ್ಚಿಡುವುದು ಯಾಕೆ? ಓಣಿಯ ಅಜ್ಜಿ ಕಳ್ಳನನ್ನು ಮಾತ್ರ ನೋಡೋದಿಲ್ಲ. ತಂಗಿ ಎಷ್ಟು ಹೊತ್ತಿಗೆ ಬಂದಳು, ಯಾರ ಬೈಕಿನಲ್ಲಿ ಬಂದಳು ಅನ್ನೋದನ್ನೂ ನೋಡುತ್ತಾರೆ. ಒಂಟಿಯಾಗಿ ಇರುವ ಹೆಣ್ಣುಮಕ್ಕಳಿಗೆ, ಜಾತಿ ಬಿಟ್ಟು ಮದುವೆಯಾದವರಿಗೆ ಆ ಕಣ್ಣೇ ಹಿಂಸೆ ಆಗಬಹುದು. ಅಂಥವರು ಖಾಲಿ ಲೇಔಟನ್ನೇ ಆರಿಸಿಕೊಂಡರೆ ನಾನು ತಪ್ಪು ಅನ್ನೋದಿಲ್ಲ.

ಕಳ್ಳನಿಗಿಂತ ದೊಡ್ಡ ಅಪಾಯ

ಸೇಫ್ ಅಂದ ಕೂಡಲೇ ನಮ್ಮ ತಲೆಯಲ್ಲಿ ಕಳ್ಳ, ರೌಡಿ ಬರುತ್ತಾರೆ. ಲಾರಿ ಬರೋದಿಲ್ಲ. 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅದೇ ವರ್ಷ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಹೆಚ್ಚುಕಡಿಮೆ ಆರು ಪಟ್ಟು. ಅಂದಮೇಲೆ ಮನೆ ಮತ್ತು ಶಾಲೆ ನಡುವೆ ಮಗು ಎಷ್ಟು ದೊಡ್ಡ ರಸ್ತೆ ದಾಟಬೇಕು ಅನ್ನೋದು, ಬಾಗಿಲಿಗೆ ಯಾವ ಬೀಗ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ. ಊರೊಳಗಿನ ಹಳೇ ಹೆದ್ದಾರಿ ಪಿ.ಬಿ. ರಸ್ತೆಯ ಆಚೆ ಶಾಲೆ, ಈಚೆ ಮನೆ ಅಂದರೆ ನಾನು ಎರಡು ಸಲ ಯೋಚಿಸುತ್ತೇನೆ. ಕಿರಿದಾದ ಓಣಿಯಲ್ಲಿ ಬೈಕು 20ರ ಮೇಲೆ ಓಡೋದೇ ಕಷ್ಟ. ಹೊಸ ಲೇಔಟಿನ ಅಗಲ ರಸ್ತೆಯಲ್ಲಿ ಹುಡುಗರು 60ರಲ್ಲಿ ಹೋಗುತ್ತಾರೆ.

ಓಣಿ ಸೋಲುವುದು ಬೆಂಕಿ ಬಿದ್ದಾಗ. ಅಗ್ನಿಶಾಮಕ ಗಾಡಿಯ ಅಗಲವೇ ಸುಮಾರು ಎಂಟು ಅಡಿ. ಎರಡೂ ಬದಿ ಬೈಕು ನಿಲ್ಲಿಸಿದ ಹತ್ತು ಅಡಿ ಓಣಿಗೆ ಅದು ಬರೋದಿಲ್ಲ. ಅಂಟಿಕೊಂಡ ಗೋಡೆಗಳು, ತಲೆ ಮೇಲೆ ಜೋತ ವೈರು, ಕೆಳಗೆ ಬಟ್ಟೆಯದ್ದೋ ಪ್ಲಾಸ್ಟಿಕ್‌ದೋ ಗೋಡೌನು ಇದ್ದರೆ ಮೇಲಿನ ಮನೆಯನ್ನು ನಾನಂತೂ ಬಾಡಿಗೆಗೆ ಹಿಡಿಯೋದಿಲ್ಲ. ಆಂಬುಲೆನ್ಸ್ ಬಾಗಿಲ ತನಕ ಬರುತ್ತದೋ, ಇಲ್ಲಾ ಮುದುಕರನ್ನು ಹೊತ್ತುಕೊಂಡು ರಸ್ತೆಗೆ ಓಡಬೇಕೋ ಅನ್ನೋದನ್ನೂ ನಡೆದೇ ನೋಡಬೇಕು.

ದಾವಣಗೆರೆಯಲ್ಲಿ ಇನ್ನೊಂದು ಪ್ರಶ್ನೆ ಇದೆ. ರೈಲು ಹಳಿಯ ಯಾವ ಕಡೆ? ಬೆಂಗಳೂರು-ಹುಬ್ಬಳ್ಳಿ ಮಾರ್ಗ ಊರನ್ನು ಸೀಳಿಕೊಂಡು ಹೋಗುತ್ತದೆ. ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಕಾದು ಕಾದು ಬೈದುಕೊಳ್ಳದ ಹಳಬರು ಇಲ್ಲಿ ಯಾರೂ ಇರಲಿಕ್ಕಿಲ್ಲ. ನಿಮ್ಮ ಆಸ್ಪತ್ರೆ, ಶಾಲೆ, ಕೆಲಸ ಯಾವ ಕಡೆ ಇದೆಯೋ ಆ ಕಡೆಯೇ ಮನೆ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಮಳೆ ಬಂದ ದಿನ ಅಂಡರ್‌ಪಾಸ್ ಹೇಗಿರುತ್ತದೆ ಅಂತ ಒಮ್ಮೆ ನೋಡಿ ಬನ್ನಿ.

ಕೊನೆಗೆ ನಮಗೆ ಒಪ್ಪಿಗೆಯಾದದ್ದು ಲೇಔಟೂ ಅಲ್ಲ, ಓಣಿಯೂ ಅಲ್ಲ. ವಿನೋಬನಗರದ ಒಂದು ಮೊದಲ ಮಹಡಿ. 30×40ರ ಸೈಟು, ಮೂರು ಮನೆ, ಕೆಳಗೆ ಮಾಲೀಕರು. ಆಟೋ ಬಾಗಿಲಿಗೇ ಬರುತ್ತದೆ. ಎದುರು ಸಾಲಿನಲ್ಲಿ ರಾತ್ರಿ ಏಳೂವರೆಗೆ ನಾನು ಎಣಿಸಿದಾಗ ಒಂಬತ್ತು ಮನೆಗಳ ಪೈಕಿ ಎಂಟರಲ್ಲಿ ದೀಪ ಇತ್ತು. ಲೇಔಟಿನ ಮನೆಗಿಂತ ಬಾಡಿಗೆ 1,500 ಜಾಸ್ತಿ, ನೀರು ದಿನ ಬಿಟ್ಟು ದಿನ. ತಂಗಿ ಒಪ್ಪಿದಳು, ಹಾಲು ಉಕ್ಕಿಸಿದೆವು.

ಮೂರನೇ ವಾರಕ್ಕೆ ಅವಳಿಗೆ ರಾತ್ರಿ ಪಾಳಿ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಲಗಿದವಳು ಹತ್ತೂಕಾಲಿಗೆ ನನಗೆ ಫೋನ್ ಮಾಡಿದಳು. ಹಿಂದಿನಿಂದ ಕಬ್ಬಿಣ ಕೊಯ್ಯುವ ಸದ್ದು ಕಿವಿಗೆ ಬಡಿಯುತ್ತಿತ್ತು. ಮನೆಯ ಎದುರು ಶಟರ್ ಎಳೆದಿದ್ದ ಒಂದು ಅಂಗಡಿಯನ್ನು ನಾವು ನೋಡಿದ್ದೆವು, ಏನಂಗಡಿ ಅಂತ ಕೇಳಿರಲಿಲ್ಲ. ಹೋಗಿದ್ದೆಲ್ಲ ಕತ್ತಲಾದ ಮೇಲೆಯೇ ಅಲ್ವಾ. ವೆಲ್ಡಿಂಗ್ ಅಂಗಡಿಯಂತೆ. ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತಾರೆ.